ಲೈಸೆನ್ಸ್ ಇತ್ತು, ಕ್ಲಚ್ ಗೊತ್ತಿರಲಿಲ್ಲ

ನನ್ನ ಪರ್ಸಿನಲ್ಲಿ ಏಳು ವರ್ಷದಿಂದ ಕಾರಿನ ಲೈಸೆನ್ಸ್ ಇತ್ತು. ಕಾರು ಓಡಿಸಲು ಮಾತ್ರ ಬರುತ್ತಿರಲಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ. ನನ್ನ ಹಾಗಿನವರು ನಮ್ಮೂರಲ್ಲೇ ಇನ್ನೂ ನಾಲ್ಕು ಜನ ಇದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಈ ವಿಷಯ ಎತ್ತಿದರೆ ಒಂದಿಬ್ಬರಾದರೂ ತಲೆ ತಗ್ಗಿಸಿ ಸಾರನ್ನ ಕಲಸಲು ಶುರು ಮಾಡುತ್ತಾರೆ.

2016ರಲ್ಲಿ ಪೇಟೆಯ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ. ನಿಯಮದ ಪ್ರಕಾರ ಕಾರು ಕಲಿಸಲು ಕನಿಷ್ಠ 21 ದಿನ, ಅದರಲ್ಲಿ 10 ಗಂಟೆ ಸ್ಟೀರಿಂಗ್ ಹಿಡಿದೇ ಇರಬೇಕು. ನಮಗೆ ಸಿಗುತ್ತಿದ್ದದ್ದು ದಿನಕ್ಕೆ ಇಪ್ಪತ್ತು ನಿಮಿಷ. ಉಳಿದ ಹೊತ್ತು ಹಿಂದಿನ ಸೀಟಿನಲ್ಲಿ ಮೂರು ಜನ ಒತ್ತಿಕೊಂಡು ಕೂತು, ಮುಂದಿನವರು ಮಾಡುವ ತಪ್ಪು ನೋಡುವುದು. ಅದೂ ಒಂಥರಾ ಕಲಿಕೆಯೇ ಅನ್ನಿ.

ಆ ಕಾರಿನಲ್ಲಿ ಮಾಸ್ತರ ಕಾಲಿನ ಕೆಳಗೂ ಒಂದು ಕ್ಲಚ್, ಒಂದು ಬ್ರೇಕ್ ಇತ್ತು. ಸ್ಕೂಲಿನ ಕಾರಿನಲ್ಲಿ ಅದು ಇರಲೇಬೇಕು, ಸುರಕ್ಷತೆಗೆ. ಆದರೆ ಆದದ್ದೇನು? ಗೇರ್ ಹಾಕಬೇಕು ಅಂತ ನಾನು ಯೋಚಿಸುವಷ್ಟರಲ್ಲಿ ನನ್ನ ಪಾದದ ಕೆಳಗಿನ ಪೆಡಲ್ ತಾನಾಗಿಯೇ ಒಳಗೆ ಹೋಗುತ್ತಿತ್ತು. ಮತ್ತೆ ತಾನಾಗಿಯೇ ನಿಧಾನ ಮೇಲೆ ಬರುತ್ತಿತ್ತು. ನಾನು ಸುಮ್ನೆ ಅದರ ಮೇಲೆ ಕಾಲಿಟ್ಟುಕೊಂಡು ಸವಾರಿ ಮಾಡುತ್ತಿದ್ದೆ. ಕಾರು ಒಂದು ಸಲವೂ ಆಫ್ ಆಗಲಿಲ್ಲ. 'ಚೆನ್ನಾಗಿ ಹಿಡಿದಿದ್ದೀರಿ ಮೇಡಂ' ಅಂದರು. ನಾನೂ ನಂಬಿದೆ.

ಎಲ್ಲೆಲ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕಿ ಮೂವತ್ತು ದಿನ ಕಳೆದ ಮೇಲೆ ಟೆಸ್ಟ್. ಅದೇ ಕಾರು. ಮೈದಾನದಲ್ಲಿ ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ, ಕೈಸನ್ನೆ ಮೂರು. ಎತ್ತರ ತಗ್ಗು ಅನ್ನುವುದು ಆ ಮೈದಾನಕ್ಕೆ ಗೊತ್ತೇ ಇಲ್ಲ. ಕಾರ್ಡ್ ಮನೆಗೆ ಪೋಸ್ಟಿನಲ್ಲಿ ಬಂತು. ನನ್ನ ಸ್ಕೂಟರಿಗೆ 'ಗೇರ್ ಇಲ್ಲದ ಬೈಕು' ಅಂತ ಬೇರೆಯೇ ಲೈಸೆನ್ಸ್ ಕೊಡುವ ಸರ್ಕಾರ, ಕಾರಿನ ವಿಷಯದಲ್ಲಿ ಗೇರ್ ಇದೆಯಾ ಇಲ್ಲವಾ ಅಂತ ಕೇಳುವುದೇ ಇಲ್ಲ. ಲಘು ವಾಹನ ಅಂದರೆ ಮುಗಿಯಿತು.

ಆಮೇಲೆ ಏಳು ವರ್ಷ ನಾನು ಕಾರಿನ ಎಡಗಡೆ ಕೂತೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಲೆನಾಡಿನ ಅಡಿಕೆ ಮನೆಗಳ ಹಾಗೆ ಇದೂ ಗುಂಡಿಯಲ್ಲಿದೆ. ತೋಟ ಕೆಳಗೆ, ಅದರ ಅಂಚಿಗೆ ಮನೆ, ಟಾರ್ ರಸ್ತೆ ಮೇಲೆ ಗುಡ್ಡದಲ್ಲಿ. ನಡುವೆ ಇನ್ನೂರು ಮೀಟರಿನ ನಮ್ಮದೇ ದಾರಿ. ಎರಡು ಚಕ್ರ ಹೋಗುವಷ್ಟು ಅಗಲಕ್ಕೆ ಎರಡು ಸಾಲು ಕಾಂಕ್ರೀಟ್, ನಡುವೆ ಹುಲ್ಲು. ಒಂದು ಕಡೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ತೋಟಕ್ಕೆ ಇಳಿಯುವ ಕಡಿದಾದ ಇಳಿಜಾರು. ನಡುಮಧ್ಯದಲ್ಲಿ ಒಂದು ತಿರುವು. ಆ ತಿರುವಿನ ಏರು ಎಷ್ಟಿದೆ ಅಂದರೆ ಪೇಟೆಯ ಆಟೋದವರು ಮೇಲೇ ನಿಂತು ಹಾರ್ನ್ ಹೊಡೆಯುತ್ತಾರೆ, ಇಳಿಯುವುದಿಲ್ಲ.

2023ರ ಜುಲೈ. ಆಷಾಢದ ಮಳೆ ಹಿಡಿದು ಕೂತಿತ್ತು. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದಲ್ಲಿ ಪಾಚಿ ಕಟ್ಟಿತ್ತು. ಬೆಳಿಗ್ಗೆ ಹಾಲು ಕರೆದುಕೊಂಡು ಬರುತ್ತಿದ್ದ ನಮ್ಮ ಯಜಮಾನರು ಜಾರಿ ಬಿದ್ದರು. ಎಡಗಾಲಿನ ಎರಡೂ ಮೂಳೆ ಮುರಿಯಿತು. ಆಕ್ಸಿಲರೇಟರ್ ಕಾಲು ಸರಿಯಾಗಿಯೇ ಇತ್ತು, ಬ್ರೇಕ್ ಕಾಲೂ ಅದೇ ಆದ್ದರಿಂದ ಸರಿ. ಮುರಿದದ್ದು ಕ್ಲಚ್ ಕಾಲು. ಮೂರು ತಿಂಗಳು ಆ ಕಾಲು ಊರಲೇಬಾರದು ಅಂದರು ಡಾಕ್ಟರು.

ಆ ಸಮಯ ಎಂಥದ್ದು ಅಂದರೆ, ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸುವ ಹೊತ್ತು. ಅದಕ್ಕೆ ಮೈಲುತುತ್ತ, ಸುಣ್ಣ ತರಬೇಕು. ಔಷಧಿ ಹೊಡೆಯುವವರನ್ನು ಕರೆತರಬೇಕು. ಮಗನ ಶಾಲೆ, ಅತ್ತೆಯ ಬಿ.ಪಿ. ಮಾತ್ರೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ 2009ರ ಆಲ್ಟೋ, ಕೆ.ಎ. 14 ನಂಬರಿನದು, ಬಾಲ ಮುದುಡಿದ ನಾಯಿಯ ಹಾಗೆ ನಿಂತಿತ್ತು.

ಬೆಂಗಳೂರಿನ ತಂಗಿ ಫೋನ್ ಮಾಡಿ 'ಆಟೋಮ್ಯಾಟಿಕ್ ತಗೊಂಡ್ಬಿಡೇ, ಕ್ಲಚ್ಚೇ ಇರಲ್ಲ' ಅಂದಳು. ಅವಳು ಹೇಳಿದ್ದು ತಪ್ಪಲ್ಲ. 2014ರಲ್ಲಿ ಸೆಲೆರಿಯೋ ಬಂದ ಮೇಲೆ ಕಡಿಮೆ ಬೆಲೆಯ ಸಣ್ಣ ಕಾರಿನಲ್ಲೂ ಅದು ಸಿಗುತ್ತದೆ. ಆದರೆ ಕೊಳೆ ಬಂದ ವರ್ಷ ಹೊಸ ಕಾರಿನ ಮಾತು ನಮ್ಮ ಕಡೆ ಯಾರೂ ಆಡುವುದಿಲ್ಲ.

ಲೈಸೆನ್ಸ್ ಇದೆಯಲ್ಲ, ನೋಡೇಬಿಡೋಣ ಅಂತ ಒಂದು ಮಧ್ಯಾಹ್ನ ಶೆಡ್ಡಿಗೆ ಹೋದೆ. ಕೀ ತಿರುಗಿಸಿದೆ. ಕ್ಲಚ್ ಒತ್ತಿದೆ, ಫಸ್ಟ್ ಹಾಕಿದೆ. ಪೆಡಲ್ ತಾನಾಗಿ ಮೇಲೆ ಬರಲಿ ಅಂತ ಕಾದೆ. ಬರಲಿಲ್ಲ. ಪಕ್ಕದ ಸೀಟಿನಲ್ಲಿ ಮಾಸ್ತರಿಲ್ಲ, ಕೋಳಿ ಕೂಡುವ ಬುಟ್ಟಿ ಇತ್ತು. ಕಾಲು ಎತ್ತಿದೆ. ಕಾರು ಕಪ್ಪೆಯಂತೆ ಒಂದು ನೆಗೆತ ನೆಗೆದು ಆಫ್ ಆಯಿತು. ಮತ್ತೊಂದು ಸಲ. ಮತ್ತೆ ಕಪ್ಪೆ. ಮೂರನೇ ನೆಗೆತಕ್ಕೆ ಶೆಡ್ಡಿನ ಕಂಬಕ್ಕೆ ಬಂಪರ್ ತಾಗಿತು. ಮೇಲೆ ಪೇರಿಸಿಟ್ಟಿದ್ದ ಅಡಿಕೆ ಹಾಳೆಗಳು ಬಾನೆಟ್ ಮೇಲೆ ಸುರಿದವು. ಒಳಗಿನಿಂದ 'ಎಂತ ಆಯ್ತು?' ಅಂತ ಯಜಮಾನರ ಕೂಗು. 'ಎಂತ ಇಲ್ಲ, ಬೆಕ್ಕು' ಅಂದೆ.

ಕಲಿಸಿದ್ದು ಮೇಲಿನ ಮನೆಯ ಅಣ್ಣಯ್ಯ. ಸಂಬಂಧದಲ್ಲಿ ಏನೂ ಅಲ್ಲ, ಊರಿಗೆಲ್ಲ ಅಣ್ಣಯ್ಯ. ಕೊಪ್ಪದ ಸಹಕಾರ ಸಾರಿಗೆಯಲ್ಲಿ ಡ್ರೈವರ್ ಆಗಿದ್ದವರು. 1991ರಲ್ಲಿ ಕೆಲಸಗಾರರೇ ಸೇರಿ ಕಟ್ಟಿ, ತಾವೇ ಮಾಲೀಕರಾಗಿ ಬಸ್ಸು ಓಡಿಸಿದ ಸಂಸ್ಥೆ ಅದು. 2020ರಲ್ಲಿ ಬಸ್ಸುಗಳು ನಿಂತವು. ಅಣ್ಣಯ್ಯನೂ ಮನೆಯಲ್ಲಿ ಕೂತರು, ಆದರೆ ಎಡಗಾಲು ಇನ್ನೂ ಕೂತಿರಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ ಕೂತರೂ ಅದು ಆಗಾಗ ನೆಲ ಒತ್ತುತ್ತಿರುತ್ತದೆ. ನಾನೇ ನೋಡಿದ್ದೇನೆ.

ಬಂದವರು ಮೊದಲು ಹೇಳಿದ್ದು, 'ಚಪ್ಪಲಿ ಬಿಚ್ಚು.'

ಎರಡನೆಯದು, 'ಬಲಗಾಲು ಬ್ರೇಕ್ ಮುಂದೆ ಇರಲಿ. ಆಕ್ಸಿಲರೇಟರ್ ಇವತ್ತು ಮುಟ್ಟೂದು ಬೇಡ.'

ಅಂಗಳಕ್ಕೆ ಅಷ್ಟರಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿದ್ದೆವು. ಮಳೆಗಾಲದಲ್ಲಿ ಅಂಗಳ ಖಾಲಿ. ಅಲ್ಲಿ ಎರಡು ದಿನ ಮಾಡಿದ್ದು ಒಂದೇ ಕೆಲಸ. ಫಸ್ಟ್ ಗೇರ್ ಹಾಕಿ, ಬರಿಗಾಲಿನಲ್ಲಿ ಕ್ಲಚ್ಚನ್ನು ಒಂದೊಂದೇ ಎಳೆಯಷ್ಟು ಬಿಡುವುದು. ಒಂದು ಜಾಗದಲ್ಲಿ ಪಾದದಡಿ ಸಣ್ಣಗೆ ಜುಂ ಅನ್ನುತ್ತದೆ. ಎಂಜಿನ್ ಸದ್ದು ಸ್ವಲ್ಪ ತಗ್ಗುತ್ತದೆ, ಹೊಟ್ಟೆ ತುಂಬಿದ ಎಮ್ಮೆ ಉಸಿರು ಬಿಟ್ಟ ಹಾಗೆ. ಅಲ್ಲೇ ಪಾದ ನಿಲ್ಲಿಸಬೇಕು. ಆಕ್ಸಿಲರೇಟರ್ ಮುಟ್ಟದೆ ಕಾರು ತೆವಳಲು ಶುರು ಮಾಡುತ್ತದೆ. ನಿಜವಾಗಿಯೂ ಮಾಡುತ್ತದೆ! ಏಳು ವರ್ಷ ಲೈಸೆನ್ಸ್ ಇಟ್ಟುಕೊಂಡಿದ್ದರೂ ನನಗೆ ಅದು ಗೊತ್ತಿರಲಿಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ, ತುಳಸಿಕಟ್ಟೆಯ ಮುಂದೆ ನಿಲ್ಲಿಸು. ರಿವರ್ಸ್. ಮತ್ತೆ ಈ ತುದಿ. ಇಪ್ಪತ್ತು ಸಲ ಆಫ್ ಆದ ಮೇಲೆ ಎಣಿಸುವುದನ್ನು ಬಿಟ್ಟೆ.

'ಈ ಕಾರಲ್ಲಿ ಎಂಜಿನ್ ಎಷ್ಟು ಸುತ್ತತದೆ ಅಂತ ತೋರ್ಸೋ ಮುಳ್ಳಿಲ್ಲ ಮಾರಾಯ್ತಿ. ಕಿವಿಯೇ ಮುಳ್ಳು' ಅನ್ನುತ್ತಿದ್ದರು. ರೇಡಿಯೋ ಹಾಕಲು ಬಿಡಲಿಲ್ಲ. ಮಳೆ ಜೋರಾಗಿ ಬಂದರೆ ಪಾಠ ಬಂದ್. ಕೇಳಿಸುವುದಿಲ್ಲ ಅಂತ.

ಗೇರಿನದು ಅಷ್ಟು ಕಷ್ಟ ಆಗಲಿಲ್ಲ. ನಾನು ಗೇರ್ ಕಡ್ಡಿಯ ಗುಬುಟನ್ನು ಮುಷ್ಟಿ ಕಟ್ಟಿ ಹಿಡಿಯುತ್ತಿದ್ದೆ. ಹಾಗೆ ಹಿಡಿದರೆ ಸೆಕೆಂಡಿನಿಂದ ಥರ್ಡಿಗೆ ಹೋಗುವಾಗ ಕೈ ತಾನೇ ಎಳೆದುಕೊಂಡು ಫಸ್ಟಿಗೋ ಫಿಫ್ತಿಗೋ ಹೋಗುತ್ತದೆ. ಬಿಡಿಸಿದ ಅಂಗೈಯಲ್ಲಿ ತಳ್ಳಲು ಕಲಿಸಿದರು. ಗೇರ್ ಕಡ್ಡಿ ನ್ಯೂಟ್ರಲ್‌ನಲ್ಲಿ ಸ್ಪ್ರಿಂಗ್ ಬಲದಿಂದ ತಾನಾಗಿಯೇ ನಡುವೆ, ಮೂರು ನಾಲ್ಕರ ಸಾಲಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಮೂರಕ್ಕೆ ಬರೀ ಮುಂದಕ್ಕೆ ತಳ್ಳಿದರೆ ಸಾಕು. ಒಂದು ಎರಡಕ್ಕೆ ಮಾತ್ರ ಎಡಕ್ಕೆ ಒತ್ತಬೇಕು. ಇಷ್ಟೇ. ಸ್ಕೂಲಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ರಿವರ್ಸ್ ಮಾತ್ರ ಕರ್ರ್ ಅಂತ ಹಲ್ಲು ಕಡಿಯುತ್ತಿತ್ತು. ಮುಂದಿನ ಗೇರುಗಳಿಗೆ ಸಿಂಕ್ರೋ ಅಂತ ಒಂದು ಹಿತ್ತಾಳೆ ಬಳೆ ಇರುತ್ತದಂತೆ. ಅದು ಗೇರ್, ಶಾಫ್ಟ್ ಎರಡರ ವೇಗವನ್ನೂ ಮೊದಲು ಹೊಂದಿಸಿ ಆಮೇಲೆ ಹಲ್ಲು ಸೇರಿಸುತ್ತದೆ. ನಮ್ಮ ಆಲ್ಟೋದ ರಿವರ್ಸಿಗೆ ಆ ಬಳೆ ಇಲ್ಲ. ಕಾರು ಪೂರ್ತಿ ನಿಲ್ಲಬೇಕು, ಕ್ಲಚ್ ಒತ್ತಿ ಎರಡು ಎಣಿಸಬೇಕು, ಆಮೇಲೆ ಹಾಕಬೇಕು. ತಾವು ಸೇರಿದ ಹೊಸತರಲ್ಲಿ ಓಡಿಸಿದ ಬಸ್ಸುಗಳಲ್ಲಿ ಯಾವ ಗೇರಿಗೂ ಆ ಬಳೆ ಇರಲಿಲ್ಲ ಅಂತ ಅಣ್ಣಯ್ಯ ಹೇಳಿದರು. ಒಂದೊಂದು ಗೇರಿಗೂ ಎರಡೆರಡು ಸಲ ಕ್ಲಚ್. ಘಾಟಿಯಲ್ಲಿ ದಿನಕ್ಕೆ ನಾಲ್ಕು ಟ್ರಿಪ್. ಅವರ ಕಾಲು ನೆಲ ಒತ್ತುವುದಕ್ಕೆ ಕಾರಣ ಗೊತ್ತಾಯಿತು ನನಗೆ.

ನಾಲ್ಕನೇ ದಿನ ಏರಿಗೆ ಹೋದೆವು.

ಅಣ್ಣಯ್ಯ ಸೌದೆ ಮನೆಯಿಂದ ಒಂದು ಹಲಸಿನ ತುಂಡು ಆರಿಸಿ, ಕತ್ತಿಯಲ್ಲಿ ಒಂದು ಬದಿ ಓರೆ ಮಾಡಿ, ಅದಕ್ಕೆ ಹಗ್ಗ ಕಟ್ಟಿದರು. ಕಾರು ಹಿಂದಕ್ಕೆ ಜಾರಿದರೆ ಚಕ್ರಕ್ಕೆ ಕೊಡಲು. ಕೊಡುವವರು ಯಾರು? ಮಗ ಶಾಲೆಗೆ ಹೋಗಿದ್ದ. ಎಪ್ಪತ್ತೆರಡರ ನನ್ನ ಅತ್ತೆ ಸೆರಗು ಸಿಕ್ಕಿಸಿ, ಕೊಡೆ ಹಿಡಿದು, 'ನಾ ಕೊಡ್ತೆ' ಅಂತ ಮುಂದೆ ಬಂದರು. 'ಹಿಂದೆ ನಿಲ್ಲೂದಲ್ಲ, ಧರೆ ಬದಿಗೆ ನಿಂತು ಹಗ್ಗ ಹಿಡಿದು ಬಿಡೂದು' ಅಂತ ಅಣ್ಣಯ್ಯ ಎರಡು ಸಲ ಹೇಳಿದರು. ನಾನು ಫಸ್ಟ್ ಗೇರಿನಲ್ಲಿ ಬುರ್ ಅಂತ ಏರುವುದು, ಪಕ್ಕದಲ್ಲಿ ಅತ್ತೆ ದೇವರ ಪಲ್ಲಕ್ಕಿಯ ಜೊತೆ ನಡೆದ ಹಾಗೆ ಹಲಸಿನ ತುಂಡು ಎಳೆದುಕೊಂಡು ಬರುವುದು. ದಾರಿಯ ಮೇಲೆ ಹೋಗುವ ಹಾಲಿನ ಗಾಡಿಯವರು ನಿಲ್ಲಿಸಿ ನೋಡಿದರು.

ಒಂದೇ ಉಸಿರಿಗೆ ಏರಿದರೆ ತೊಂದರೆ ಇಲ್ಲ. ತಿರುವಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದೇ ಪಾಠ. ಹ್ಯಾಂಡ್ ಬ್ರೇಕ್ ಎಳೆ. ಫಸ್ಟ್ ಹಾಕು. ಸ್ವಲ್ಪ ಆಕ್ಸಿಲರೇಟರ್. ಕ್ಲಚ್ ಬಿಡುತ್ತಾ ಬಾ. ಎಂಜಿನ್ ದನಿ ತಗ್ಗಿ, ಬಾನೆಟ್ ಮೂಗು ಒಂಚೂರು ಎತ್ತಿದಾಗ ಪಾದ ನಿಲ್ಲಿಸು. ಆಗ ಹ್ಯಾಂಡ್ ಬ್ರೇಕ್ ಬಿಡು. ಬರೆಯುವಾಗ ಆರು ಸಾಲು. ಮಾಡುವಾಗ ಎಲ್ಲವೂ ಒಟ್ಟಿಗೆ. ನಾನು ಹ್ಯಾಂಡ್ ಬ್ರೇಕ್ ಬಿಡುವ ಗಡಿಬಿಡಿಯಲ್ಲಿ ಕ್ಲಚ್ ಪೂರ್ತಿ ಒತ್ತಿಬಿಡುತ್ತಿದ್ದೆ. ಕಾರು ಹಿಂದೆ. ಅತ್ತೆಯ ಹಲಸಿನ ತುಂಡು ಟಕ್ ಅಂತ ಚಕ್ರಕ್ಕೆ. ಅತ್ತೆ ಒಂದು ಸಲವೂ ತಪ್ಪಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು.

ಹೆದರಿಕೆಗೆ ನಾನೊಂದು ಉಪಾಯ ಕಂಡುಕೊಂಡೆ. ಹ್ಯಾಂಡ್ ಬ್ರೇಕೇ ಬೇಡ. ಆಕ್ಸಿಲರೇಟರ್ ಜಾಸ್ತಿ ಕೊಟ್ಟು, ಕ್ಲಚ್ ಅರ್ಧದಲ್ಲಿ ಹಿಡಿದರೆ ಕಾರು ಏರಿನಲ್ಲಿ ಮುಂದೂ ಹೋಗದೆ ಹಿಂದೂ ಬಾರದೆ ನಿಂತೇ ಇರುತ್ತದೆ. ಎಷ್ಟು ಹೊತ್ತು ಬೇಕಾದರೂ. ಅಣ್ಣಯ್ಯ ಮನೆಗೆ ಹೋದ ಮೇಲೆ ನಾನೊಬ್ಬಳೇ ಇದನ್ನು ಅಭ್ಯಾಸ ಮಾಡಿದೆ. ಅಂಗಳದಲ್ಲಿ ಕಲಿತ ಅರ್ಧ ಕ್ಲಚ್ ಇಲ್ಲಿ ಉಪಯೋಗಕ್ಕೆ ಬಂತು ಅಂತ ಹೆಮ್ಮೆ ಬೇರೆ. ಕೂದಲು ಸುಟ್ಟ ಹಾಗೆ ಒಂದು ವಾಸನೆ ಬರುತ್ತಿತ್ತು. ಬಚ್ಚಲೊಲೆಗೆ ಯಾರೋ ಏನೋ ಹಾಕಿದ್ದಾರೆ ಅಂದುಕೊಂಡೆ.

ಹತ್ತನೇ ದಿನ ಮೈಲುತುತ್ತ, ಸುಣ್ಣದ ಚೀಲ ಹೇರಿಕೊಂಡು ಪೇಟೆಯಿಂದ ಬಂದೆ. ನನ್ನ ಮೊದಲ ಸ್ವಂತ ಸವಾರಿ. ಪೇಟೆ ಸರ್ಕಲ್ಲಿನಲ್ಲಿ ಮೂರು ಸಲ ಆಫ್ ಆದದ್ದು ಬಿಟ್ಟರೆ ಎಲ್ಲ ಚೆನ್ನಾಗಿಯೇ ಆಯಿತು. ಚೀಲ ಇಳಿಸಿ, ಮಗನನ್ನು ಕರೆತರಲು ಮತ್ತೆ ಏರು ಹತ್ತಿದೆ. ತಿರುವಿಗೆ ಬಂದಾಗ ಎಂಜಿನ್ ಕೂಗುತ್ತಿದೆ, ಕಾರು ಮಾತ್ರ ನಿಂತಲ್ಲೇ. ಇನ್ನೂ ತುಳಿದೆ. ಇನ್ನೂ ಕೂಗಿತು. ಬಾನೆಟ್ ಸಂದಿನಿಂದ ಹೊಗೆ ಬಂತು.

ಅಡಿಕೆ ಸಾಗಿಸುವ ಜೀಪಿಗೆ ಕಟ್ಟಿ ಎಳೆದುಕೊಂಡು ಪೇಟೆಯ ಗ್ಯಾರೇಜಿಗೆ ಹೋದೆವು. ಸಣ್ಣ ಗ್ಯಾರೇಜು, ಮೇಲೆ ತಗಡು, ಮುಂದೆ ಕೆಸರು. ಮೆಕ್ಯಾನಿಕ್ ಹುಡುಗ ಮಗನಿಗಿಂತ ಹತ್ತು ವರ್ಷ ದೊಡ್ಡವನಿರಬಹುದು. 'ಸಂಜೆಗೆ ಬನ್ನಿ ಅಕ್ಕ' ಅಂದ. ನಾನು ಹೋಗಲಿಲ್ಲ. ಹರಕು ಟಯರಿನ ಮೇಲೆ ಕೂತು ನೋಡಿದೆ.

ಚಕ್ರ ಬಿಚ್ಚಿದ, ಆಕ್ಸಲ್ ಎರಡೂ ಎಳೆದ, ಗೇರ್ ಬಾಕ್ಸನ್ನು ಎದೆಯ ಮೇಲೆ ಮಗುವಿನಂತೆ ಇಳಿಸಿಕೊಂಡ. ಒಳಗಿನಿಂದ ಕಪ್ಪು ಹುಡಿ ಸುರಿಯಿತು, ಹೊಗೆಸೊಪ್ಪಿನ ಪುಡಿಯ ಹಾಗೆ. ಆಮೇಲೆ ಒಂದು ತಟ್ಟೆ ತೆಗೆದು ನನ್ನ ಕೈಗೆ ಕೊಟ್ಟ. ಅಂಗೈ ಬಿಡಿಸಿದರೆ ತುಸು ಹೊರಗೆ ಬರುವಷ್ಟು ದೊಡ್ಡದು. ನಡುವೆ ಹಲ್ಲಿನ ತೂತು, ಅದರ ಸುತ್ತ ಸಣ್ಣ ಸ್ಪ್ರಿಂಗುಗಳು. ಅಂಚಿನ ಸುತ್ತ ಎರಡೂ ಬದಿಗೆ ಬ್ರೇಕ್ ಲೈನರಿನಂಥ ಪಟ್ಟಿ ಇರಬೇಕಿತ್ತು. ಅದು ಸವೆದು ಹಿತ್ತಾಳೆ ರಿವೆಟ್ಟಿನ ತಲೆಗಳು ಹಲ್ಲು ಕಿರಿದಿದ್ದವು. ಅದರ ಮೇಲೆ ಕೂರುವ ಕಬ್ಬಿಣದ ಬಳೆಯಲ್ಲಿ ನೀಲಿ ನೀಲಿ ಮಚ್ಚೆ, ಖಾಲಿ ಬಾಣಲೆಯನ್ನು ಒಲೆ ಮೇಲೆ ಮರೆತ ಹಾಗೆ. ಇನ್ನೂ ಬೆಚ್ಚಗಿತ್ತೋ, ನನಗೆ ಹಾಗನ್ನಿಸಿತೋ.

ಅವನು ಹೇಳಿಕೊಟ್ಟ. ಎಂಜಿನ್ನಿಗೆ ಸೇರಿದ್ದು ಫ್ಲೈವೀಲ್, ಸದಾ ಸುತ್ತುತ್ತದೆ. ಗೇರ್ ಬಾಕ್ಸಿಗೆ ಸೇರಿದ್ದು ಈ ತಟ್ಟೆ. ನೀಲಿ ಮಚ್ಚೆಯ ಬಳೆ, ಅಂದರೆ ಪ್ರೆಶರ್ ಪ್ಲೇಟ್, ಸ್ಪ್ರಿಂಗ್ ಬಲದಿಂದ ತಟ್ಟೆಯನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತದೆ. ಹಾಗೆ ಹಿಡಿದಾಗ ಎಲ್ಲವೂ ಒಂದಾಗಿ ಸುತ್ತುತ್ತವೆ, ಚಕ್ರಕ್ಕೆ ಬಲ ಹೋಗುತ್ತದೆ. ನಾವು ಪೆಡಲ್ ಒತ್ತಿದರೆ ಕೇಬಲ್ ಎಳೆದು, ಬೇರಿಂಗ್ ಆ ಸ್ಪ್ರಿಂಗಿನ ಬೆರಳುಗಳನ್ನು ಒತ್ತಿ, ಹಿಡಿತ ಬಿಡಿಸುತ್ತದೆ.

'ಅಂದರೆ ಒತ್ತಿದರೆ ಹಿಡಿಯೂದಲ್ಲ, ಬಿಡೂದು?' ಅಂದೆ.

'ಹೌದಕ್ಕ. ನೀವು ಕಾಲು ಬಿಟ್ಟರೆ ಅದು ಹಿಡಿಯೂದು.'

ನಲವತ್ತಮೂರು ವರ್ಷದ ನಾನು ಅಲ್ಲಿಯವರೆಗೆ ಉಲ್ಟಾ ತಿಳಿದಿದ್ದೆ. ಕ್ಲಚ್ ಅಂದರೆ ಗಟ್ಟಿ ಹಿಡಿದುಕೊಳ್ಳುವುದು, ಒತ್ತಿದಷ್ಟೂ ಕಾರು ನನ್ನ ಕೈಯಲ್ಲಿರುತ್ತದೆ ಅಂತ. ಅದಕ್ಕೇ ಹೆದರಿಕೆಯಾದಾಗಲೆಲ್ಲ ಒತ್ತುತ್ತಿದ್ದೆ. ಒತ್ತಿದಾಗಲೆಲ್ಲ ಕಾರು ಹಿಂದೆ ಜಾರುತ್ತಿತ್ತು.

ಮತ್ತೆ ಏರಿನಲ್ಲಿ ಅರ್ಧ ಹಿಡಿದು ನಿಂತಿದ್ದೆನಲ್ಲ? ಬೀಸುವ ಕಲ್ಲು ನೆನಪು ಮಾಡಿಕೊಳ್ಳಿ. ಒಂದು ಕಲ್ಲು ಸುತ್ತುತ್ತದೆ, ಇನ್ನೊಂದು ನಿಂತಿದೆ, ನಡುವಿನದು ಹಿಟ್ಟಾಗುತ್ತದೆ. ಇಲ್ಲಿ ನಡುವೆ ಇದ್ದದ್ದು ಆ ಪಟ್ಟಿ. ಗೇರ್ ಬಾಕ್ಸಿನಿಂದ ಸುರಿದ ಕಪ್ಪು ಹುಡಿ ನಾನು ಹತ್ತು ದಿನ ಕೂತು ಬೀಸಿದ ಹಿಟ್ಟು. ಹದಿನಾಲ್ಕು ವರ್ಷದ ತಟ್ಟೆ ಮೊದಲೇ ಸವೆದಿತ್ತು ಅಂತ ಹುಡುಗ ನನ್ನ ಮುಖ ನೋಡಿ ಸೇರಿಸಿದ. ಒಳ್ಳೆಯವನು.

ಪ್ಲೇಟ್, ಬೇರಿಂಗ್, ಕೂಲಿ ಎಲ್ಲ ಸೇರಿ ಐದು ಸಾವಿರದ ಚಿಲ್ಲರೆ. ಯಜಮಾನರು ಏನೂ ಅನ್ನಲಿಲ್ಲ. ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲೆ ಸರಿಮಾಡಿಕೊಂಡು ಆ ಕಡೆ ತಿರುಗಿದರು. ಅಣ್ಣಯ್ಯ ಮಾತ್ರ ಹಳೇ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, 'ಬಸ್ಸಿಂದಾದ್ರೆ ಇಪ್ಪತ್ತು ಸಾವ್ರ ಆಗ್ತಿತ್ತು' ಅಂದರು.

ಹೊಸ ಕ್ಲಚ್ ಬಂದ ಮೇಲೆ ಏರು ಎರಡೇ ದಿನದಲ್ಲಿ ಬಗ್ಗಿತು. ಕಾಲಿನ ಕೆಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತಿತ್ತು ಈಗ. ಜುಂ ಅಂದರೆ ತಟ್ಟೆ ತಾಗಿತು. ದನಿ ತಗ್ಗಿದರೆ ಕಾರಿನ ಭಾರ ಎಂಜಿನ್ ಮೇಲೆ ಬಂತು. ಇನ್ನು ಹ್ಯಾಂಡ್ ಬ್ರೇಕ್ ಬಿಡಬಹುದು. ಹೆದರಿಕೆಯಾದರೆ ಕ್ಲಚ್ ಒತ್ತುವುದಲ್ಲ, ಬ್ರೇಕ್ ಒತ್ತುವುದು. ಇಷ್ಟು ಸಣ್ಣ ವಿಷಯಕ್ಕೆ ಐದು ಸಾವಿರ ಕೊಡಬೇಕಾಯಿತಲ್ಲ ಅಂತ ಈಗಲೂ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಲೆನಾಡಿನ ವಿದ್ಯೆಯನ್ನೂ ಅಣ್ಣಯ್ಯ ಕೊಟ್ಟರು. ಜೋರು ಮಳೆಯಲ್ಲಿ ಕಾಂಕ್ರೀಟಿನ ಮೇಲೆ ಮಣ್ಣು ಕೊಚ್ಚಿ ಬಂದಾಗ ಮುಂದಿನ ಚಕ್ರ ಸುಮ್ನೆ ಸುತ್ತುತ್ತದೆ. ಆಲ್ಟೋಗೆ ಎಂಜಿನ್ ಬಲ ಹೋಗುವುದು ಮುಂದಿನ ಚಕ್ರಕ್ಕೆ. ಏರುವಾಗ ಕಾರಿನ ಭಾರ ಹಿಂದಕ್ಕೆ ವಾಲಿ, ಮುಂದಿನ ಚಕ್ರ ಹಗುರ ಆಗುತ್ತದೆ. ಅದಕ್ಕೆ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಏರಿಸಬೇಕು. ಆಗ ಎಳೆಯುವ ಚಕ್ರ ಕೆಳಗಡೆ ಬರುತ್ತದೆ, ಭಾರ ಅದರ ಮೇಲೇ ಕೂರುತ್ತದೆ. ಕಾರು ಹಿಂದೆಮುಂದಾಗಿ ಗುಂಯ್ ಅಂತ ಏರುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಕಾರು, ಕುತ್ತಿಗೆ ಹಿಡಿದುಕೊಳ್ಳುತ್ತದೆ ಅಷ್ಟೆ.

ಸೆಪ್ಟೆಂಬರಿನಲ್ಲಿ ಯಜಮಾನರ ಕಾಲು ತೋರಿಸಲು ಮಣಿಪಾಲಕ್ಕೆ ಹೋಗಬೇಕಿತ್ತು. ಬಾಡಿಗೆ ಕಾರು ಹೇಳೋಣ ಅಂದರು. 'ನಾನಿದ್ದೇನಲ್ಲ' ಅಂದೆ. ಹೇಳಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ, ಅದು ಬೇರೆ.

ಆಗುಂಬೆ ಘಾಟಿಯಲ್ಲಿ 14 ತಿರುವು. ಪುಣ್ಯಕ್ಕೆ ಲಾರಿಗಳನ್ನು ಬಿಡುವುದಿಲ್ಲ. ಇಳಿಯುವಾಗ ಎಂತ ಮಾಡಬೇಕು ಅಂತ ಅಣ್ಣಯ್ಯ ಒಂದೇ ಮಾತು ಹೇಳಿ ಕಳಿಸಿದ್ದರು. 'ಯಾವ ಗೇರಲ್ಲಿ ಹತ್ತತೀಯೋ ಅದೇ ಗೇರಲ್ಲಿ ಇಳಿ. ಕ್ಲಚ್ ಮೇಲೆ ಕಾಲಿಟ್ಟು ಇಳೀಬೇಡ.' ಸೆಕೆಂಡ್ ಹಾಕಿದೆ. ಎಡಗಾಲನ್ನು ಪೆಡಲಿನಿಂದ ತೆಗೆದು ಪಕ್ಕಕ್ಕೆ ಇಟ್ಟೆ. ಎಂಜಿನ್ನೇ ಕಾರನ್ನು ಹಿಡಿದುಕೊಂಡಿತು, ಕೊಂಬು ಹಿಡಿದು ಹೋರಿ ಇಳಿಸಿದ ಹಾಗೆ. ತಿರುವಿನಲ್ಲಿ ಮಾತ್ರ ಸ್ವಲ್ಪ ಬ್ರೇಕ್. ಮಂಜು ಎಷ್ಟಿತ್ತು ಅಂದರೆ ತಡೆಗೋಡೆಯ ಆಚೆ ಏನಿದೆ ಅಂತ ಕಾಣಲಿಲ್ಲ. ನನಗದು ಒಳ್ಳೆಯದೇ ಆಯಿತು. ಸೋಮೇಶ್ವರ ಬಂದಾಗ ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು. ಹೆಬ್ರಿಯಲ್ಲಿ ಚಾ ಕುಡಿದೆವು. ಉಡುಪಿ, ಮಣಿಪಾಲದ ಟ್ರಾಫಿಕ್ಕಿನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಅಲ್ಲಿ ಎಲ್ಲರೂ ಆಫ್ ಮಾಡಿಕೊಳ್ಳುತ್ತಿರುತ್ತಾರೆ.

ಕತೆ ಇರುವುದು ವಾಪಸ್ ಬರುವಾಗ. ಸಂಜೆ ನಾಲ್ಕೂವರೆ. ಘಾಟಿ ಹತ್ತುತ್ತಿದ್ದೇವೆ. ಯಜಮಾನರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಾರೆ. ಏಳನೆಯದೋ ಎಂಟನೆಯದೋ ತಿರುವಿನ ಬಾಯಿಯಲ್ಲೇ, ಏರಿನ ನಟ್ಟನಡುವೆ ಮುಂದಿನ ಕಾರು ಗಕ್ಕನೆ ನಿಂತಿತು. ಮಂಗಗಳು. ಕಿಟಕಿಯಿಂದ ಯಾರೋ ಚಿಪ್ಸ್ ಎಸೆಯುತ್ತಿದ್ದರು. ಕನ್ನಡಿಯಲ್ಲಿ ನೋಡಿದೆ. ನನ್ನ ಹಿಂದೆ ಒಂದು ಮಿನಿ ಬಸ್ಸು, ಅದರ ವೈಪರ್ ಆಡುವುದು ಎಣಿಸುವಷ್ಟು ಹತ್ತಿರ. ಬದಿಯಲ್ಲಿ ಅತ್ತೆಯಿಲ್ಲ, ಹಲಸಿನ ತುಂಡಿಲ್ಲ.

ಬ್ರೇಕ್. ಹ್ಯಾಂಡ್ ಬ್ರೇಕ್ ಕರಕರ ಅಂತ ಕೊನೆಯವರೆಗೆ. ಫಸ್ಟ್. ಮೇಲಿನಿಂದ ಒಂದು ಜೀಪು ಇಳಿದು ಬಂತು. ಇಂಥ ರಸ್ತೆಯಲ್ಲಿ ಏರುವವರಿಗೆ ದಾರಿ ಬಿಡಬೇಕು ಅನ್ನುವುದು ನಿಯಮ. ಬಿಟ್ಟ, ಪುಣ್ಯಾತ್ಮ. ಮುಂದಿನ ಕಾರು ಹೊರಡಲು ಹೋಯಿತು, ಹಿಂದಕ್ಕೆ ಒಂದಡಿ ಜಾರಿತು, ಎಂಜಿನ್ ಕಿರುಚಿತು, ಮತ್ತೆ ಜಾರಿತು. ಅದರ ನಂಬರ್ ಪ್ಲೇಟು ನನ್ನ ಬಾನೆಟ್ಟಿಗೆ ಒಂದು ಮೊಳ ದೂರ ಬಂದು ನಿಂತಿತು. ಆ ಡ್ರೈವರ್ ಏನು ಮಾಡುತ್ತಿದ್ದಾನೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಾರ್ನ್ ಹೊಡೆಯಲಿಲ್ಲ. ಹೊಡೆದರೆ ಅವನು ಗಾಬರಿಯಾಗಿ ಕ್ಲಚ್ ಪೂರ್ತಿ ಒತ್ತುತ್ತಾನೆ.

ಕೊನೆಗೂ ಹೋದ.

ನಾನು ಚಪ್ಪಲಿಯನ್ನು ಬದಿಗೆ ಸರಿಸಿದೆ. ಕಿಟಕಿ ಇಳಿಸಿದೆ, ದನಿ ಕೇಳಲಿ ಅಂತ. ಸ್ವಲ್ಪ ಆಕ್ಸಿಲರೇಟರ್, ಕ್ಲಚ್ ಒಂದೊಂದೇ ಎಳೆ. ಜುಂ. ದನಿ ತಗ್ಗಿತು. ಮೂಗು ಎತ್ತಿತು. ಹ್ಯಾಂಡ್ ಬ್ರೇಕ್ ಬಿಟ್ಟೆ. ಒಂದಂಗುಲವೂ ಹಿಂದೆ ಹೋಗದೆ ಆಲ್ಟೋ ತಿರುವು ಹತ್ತಿತು.

ಹಿಂದಿನಿಂದ ಯಜಮಾನರು ಮೂಗರಳಿಸಿದರು. 'ಕ್ಲಚ್ ವಾಸನೆ ಬರ್ತಾ ಇದೆ.'

'ನಮ್ದಲ್ಲ' ಅಂದೆ. 'ಮುಂದಿನವರದ್ದು.'

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಅಂಗಳದಲ್ಲಿ ಅತ್ತೆ ಟಾರ್ಚ್ ಹಿಡಿದು ನಿಂತಿದ್ದರು. ಘಾಟಿ ಹೇಗಾಯ್ತು, ನಿಂತಿತಾ, ಜಾರಿತಾ ಅಂತ ಎಲ್ಲ ಕೇಳಿದರು. ಮೊದಲು ಸ್ನಾನ ಮಾಡು, ನೀರು ಕಾದಿದೆ ಅಂದರು. ಬಚ್ಚಲಿಗೆ ಹೋದೆ. ಹಂಡೆಯ ಒಲೆಯಲ್ಲಿ ಒಂದು ದಪ್ಪ ತುಂಡು ಚೆನ್ನಾಗಿ ಹಿಡಿದು ಉರಿಯುತ್ತಿತ್ತು. ಒಂದು ಬದಿ ಓರೆ. ಅರ್ಧ ಸುಟ್ಟ ಹಗ್ಗ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

'ಅತ್ತೆ, ಅದನ್ನು ಯಾಕೆ ಹಾಕಿದಿರಿ?' ಅಂತ ಒಳಗಿಂದಲೇ ಕೂಗಿದೆ.

'ಒಣಗಿದ ಸೌದೆ ಬೇರೆ ಎಲ್ಲಿತ್ತು ಈ ಮಳೇಲಿ?' ಅಂದರು.